ಚಳಿಗಾಲದ ಟ್ರೆಡ್‌ಮಿಲ್ ಓಟ: ಉಸಿರು ಸಾಲುತ್ತದೆ, ಕಾಲು ನೋಯುತ್ತದೆ

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇನೆ, ವಯಸ್ಸು 41. ಬೆಂಗಳೂರಿನಲ್ಲಿದ್ದಾಗ ಕಬ್ಬನ್ ಪಾರ್ಕ್‌ನಲ್ಲಿ ಓಡುತ್ತಿದ್ದೆ. ಎರಡು ವರ್ಷದಿಂದ ನಿಂತುಹೋಗಿತ್ತು. ಹೊರಗೆ ಮೈನಸ್ 15 ಡಿಗ್ರಿ. ಹಾಗಾಗಿ ಅಪಾರ್ಟ್‌ಮೆಂಟ್ ಜಿಮ್‌ನ ಟ್ರೆಡ್‌ಮಿಲ್‌ನಲ್ಲಿ ಹಳೆಯ ವೇಗದಲ್ಲೇ, ಗಂಟೆಗೆ 9.5 ಕಿ.ಮೀ.ನಂತೆ, ದಿನವೂ ಅರ್ಧ ಗಂಟೆ ಓಡುತ್ತಿದ್ದೇನೆ. ಉಸಿರು ಸಾಲುತ್ತದೆ, ಆದರೆ ಮೂರನೇ ವಾರಕ್ಕೆ ಎರಡೂ ಕಾಲಿನ ಮುಂಭಾಗದ ಎಲುಬಿನ ಒಳಅಂಚು ನೋಯತೊಡಗಿದೆ. ಬೆವರು ವಿಪರೀತ. ವಾಚ್ ಹೇಳುವ ದೂರವೇ ಬೇರೆ, ಯಂತ್ರದ್ದೇ ಬೇರೆ. ಬೆಲ್ಟಿನ ಏರು (ಮುಂಭಾಗ ಎತ್ತರಿಸುವುದು) ಶೇ 1 ಇಡಲೇಬೇಕು ಅಂತಾರೆ ಗೆಳೆಯರು. ಏನು ಮಾಡಲಿ?

ಉತ್ತರ: ಉಸಿರು ಸಾಲುತ್ತಿರುವುದೇ ನಿಮ್ಮನ್ನು ಯಾಮಾರಿಸಿದೆ. ಓಟ ಮತ್ತೆ ಶುರುವಾದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚಿ ಹೃದಯದ ಕೆಲಸ ಹಗುರಾಗುತ್ತದೆ. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಪಾರ್ಕಿನಲ್ಲಾದರೆ ದಣಿದಾಗ ತಾನಾಗಿಯೇ ನಿಧಾನವಾಗುತ್ತೀರಿ, ತಿರುವು, ಉಬ್ಬುತಗ್ಗುಗಳು ಹೆಜ್ಜೆಯನ್ನು ಬದಲಿಸುತ್ತಿರುತ್ತವೆ. ಬೆಲ್ಟ್‌ಗೆ ನಿಮ್ಮ ದಣಿವು ಗೊತ್ತಾಗುವುದಿಲ್ಲ. ಅರ್ಧ ಗಂಟೆಯಲ್ಲಿ ನಾಲ್ಕೂವರೆ ಸಾವಿರದಷ್ಟು ಹೆಜ್ಜೆ, ಎಲ್ಲವೂ ಒಂದೇ ಅಚ್ಚಿನವು.

ಮೊದಲು ಎಲುಬಿನ ಒಳಅಂಚನ್ನು ಬೆರಳಿನಿಂದ ಒತ್ತುತ್ತಾ ಬನ್ನಿ. ನೋವು 5 ಸೆಂ.ಮೀ. ಅಥವಾ ಇನ್ನೂ ಉದ್ದಕ್ಕೆ ಹರಡಿದ್ದರೆ ಶಿನ್ ಸ್ಪ್ಲಿಂಟ್ಸ್ (ಅತಿಯಾದ ಓಟದಿಂದ ಎಲುಬಿನ ಅಂಚಿಗೆ ಬರುವ ನೋವು) ಇರಬಹುದು; ಓಟ ನಿಲ್ಲಿಸಿ, ಚುರುಕು ನಡಿಗೆಯಲ್ಲಿ ನೋವಿಲ್ಲದಂತಾಗುವವರೆಗೆ ಕಾಯಿರಿ. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಅಥವಾ ರಾತ್ರಿ ಮಲಗಿದಾಗಲೂ ನೋವಾದರೆ ಎಲುಬಿನಲ್ಲಿ ಸಣ್ಣ ಬಿರುಕಿರಬಹುದು. ಆಗ ವೈದ್ಯರಿಗೆ ತೋರಿಸದೆ ಓಡಬೇಡಿ.

ನೋವು ಹೋದ ಮೇಲೆ ದಿನ ಬಿಟ್ಟು ದಿನ, ವಾರಕ್ಕೆ ಮೂರೇ ಸಲ. 5 ನಿಮಿಷ ಗಂಟೆಗೆ 5 ಕಿ.ಮೀ. ನಡಿಗೆ, ಆಮೇಲೆ 1 ನಿಮಿಷ 7.5ರಲ್ಲಿ ಓಟ, 2 ನಿಮಿಷ ನಡಿಗೆ, ಹೀಗೆ 8 ಸುತ್ತು. ಕೊನೆಗೆ 5 ನಿಮಿಷ ನಡಿಗೆ. ನಿಮ್ಮ ಯಂತ್ರ ಮೈಲಿಯಲ್ಲಿ ತೋರಿಸುತ್ತಿದ್ದರೆ 3.1 ಮತ್ತು 4.7. ಎರಡು ವಾರ ಇಷ್ಟೇ. ಮೂರನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸುತ್ತು. ಹೀಗೆ ಸಮಯ ಮಾತ್ರ ಹೆಚ್ಚಿಸಿ. 20 ನಿಮಿಷ ನಿಲ್ಲದೆ ಓಡುವವರೆಗೆ ವೇಗದ ಗುಂಡಿ ಮುಟ್ಟಬೇಡಿ. ಬೇಜಾರಾಗುತ್ತದೆ, ನಿಜ.

ಇನ್ನೊಂದು, ಬಲಗಾಲು 30 ಸೆಕೆಂಡಿನಲ್ಲಿ ಎಷ್ಟು ಸಲ ಊರುತ್ತದೆ ಎಣಿಸಿ ನಾಲ್ಕರಿಂದ ಗುಣಿಸಿ. 38 ಬಂದರೆ ನಿಮಿಷಕ್ಕೆ 152 ಹೆಜ್ಜೆ. ಅದೇ ವೇಗದಲ್ಲಿ ಹೆಜ್ಜೆ ಚಿಕ್ಕದು ಮಾಡಿ 160ಕ್ಕೆ ತನ್ನಿ. ಬೆಲ್ಟ್ ಮೇಲಿನ ‘ಧಬ್ ಧಬ್’ ತಗ್ಗಿದರೆ ಹೊಡೆತವೂ ತಗ್ಗಿರಬಹುದು.

ಶೇ 1ರ ಏರಿನ ಮಾತು 1996ರ ಒಂದು ಪ್ರಯೋಗದಿಂದ ಬಂದದ್ದು. ಹೊರಗೆ ಗಾಳಿ ಒಡ್ಡುವ ತಡೆಗೆ ಅದು ಸಮ. ಆ ತಡೆ ಲೆಕ್ಕಕ್ಕೆ ಬರುವುದು ವೇಗದ ಓಟಗಾರರಿಗೆ. ನಿಮಗೆ ಸೊನ್ನೆ ಸಾಕು. ಏರು ಹೆಚ್ಚಿದಷ್ಟೂ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜಿಗೆ ಹೆಚ್ಚು ಭಾರ.

ಬೆವರಿಗೂ ಗಾಳಿಯೇ ಕಾರಣ. ಹೊರಗೆ ಓಡುವಾಗ ಎದುರುಗಾಳಿ ಮೈ ಆರಿಸುತ್ತದೆ. ಒಳಗೆ ನಿಂತಲ್ಲೇ ಓಟ, ಜೊತೆಗೆ ಹೀಟರ್. ಎದೆಯ ಎತ್ತರಕ್ಕೆ ಫ್ಯಾನ್ ಇಟ್ಟುಕೊಳ್ಳಿ.

ವಾಚ್‌ಗೆ ಒಳಾಂಗಣದಲ್ಲಿ ಜಿಪಿಎಸ್ ಇಲ್ಲ, ಅದು ಕೈಬೀಸಿನಿಂದ ದೂರ ಅಂದಾಜಿಸುತ್ತದೆ. ಕಂಬಿ ಹಿಡಿದರೆ ಲೆಕ್ಕ ಇನ್ನೂ ಕೆಡುತ್ತದೆ. ಯಂತ್ರವನ್ನು ಪರೀಕ್ಷಿಸಲು ಅದು ಆಫ್ ಇದ್ದಾಗ ಬೆಲ್ಟಿಗೆ ಟೇಪ್ ಗುರುತು ಹಾಕಿ ಪೂರ್ತಿ ಸುತ್ತಳತೆ ಅಳೆಯಿರಿ. 2.8 ಮೀಟರ್ ಎಂದುಕೊಳ್ಳಿ. ನೀವು ಓಡುವಾಗಲೇ ಇನ್ನೊಬ್ಬರು ಎಣಿಸಲಿ: 30 ಸುತ್ತಿಗೆ 40 ಸೆಕೆಂಡ್ ಹಿಡಿದರೆ 84 ಮೀಟರ್, ಅಂದರೆ ಗಂಟೆಗೆ 7.56 ಕಿ.ಮೀ. ಖಾಲಿ ಬೆಲ್ಟ್ ಎಣಿಸಿ ಪ್ರಯೋಜನವಿಲ್ಲ. ಭಾರ ಬಿದ್ದಾಗ ಕೆಲವು ಯಂತ್ರಗಳು ನಿಧಾನವಾಗುತ್ತವೆ.

ಹಿಮದಲ್ಲಿ ತುಳಿದ ಶೂ ಜಿಮ್‌ಗೆ ಬೇಡ. ರಸ್ತೆಗೆ ಸುರಿದ ಉಪ್ಪು, ಮರಳು ಬೆಲ್ಟಿನಡಿ ಸೇರಿ ಉಜ್ಜುತ್ತದೆ. ಎಡವಿದರೆ ಯಂತ್ರವನ್ನು ನಿಲ್ಲಿಸುವ ಸುರಕ್ಷತಾ ಕ್ಲಿಪ್ ಅಂಗಿಗೆ ಸಿಕ್ಕಿಸಿ. ಮುಗಿದಾಗ ಕೂಡಲೇ ನಿಲ್ಲಿಸಿ ಇಳಿದರೆ ತಲೆ ಸುತ್ತಬಹುದು, ನೆಲವೇ ಸರಿದಂತೆ ಅನ್ನಿಸಬಹುದು. ಕೊನೆಯ ನಡಿಗೆಯ 5 ನಿಮಿಷವನ್ನು ಬಿಡಬೇಡಿ.