ಪಿನ್‌ಕೋಡ್ 580001 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ಸರ್, ನಮ್ಮ ಧಾರವಾಡದ ಪಿನ್‌ಕೋಡ್ 580001 ಅವಿಭಾಜ್ಯ ಅಂತಾನ ಗೆಳೆಯ. ನಾ ಅಲ್ಲ ಅಂತ ಪಂದ್ಯ ಕಟ್ಟೀನ್ರಿ. ಆದ್ರ ಕೋಚಿಂಗ್ ಕ್ಲಾಸಿನಾಗ ‘6ರಿಂದ ಭಾಗಿಸಿದ್ರ 1 ಇಲ್ಲಾ 5 ಉಳಿದ್ರ ಅವಿಭಾಜ್ಯ’ ಅಂತ ಹೇಳ್ಯಾರ. ಇದಕ್ಕ 5 ಉಳೀತೈತಿ. ಸೋತಂಗ ಏನ್ರಿ?
– ಪಿಯುಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಸೋತಿರಿ. ಆದರೆ ಕ್ಲಾಸಿನವರು ಹೇಳಿದ ಕಾರಣ ಶುದ್ಧ ತಪ್ಪು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ‘6ರ ಟ್ರಿಕ್’ ನನಗೆ ಬಂದು ಗಂಟುಬೀಳುತ್ತದೆ. 3ಕ್ಕಿಂತ ದೊಡ್ಡ ಅವಿಭಾಜ್ಯವನ್ನು 6ರಿಂದ ಭಾಗಿಸಿದರೆ 1 ಅಥವಾ 5 ಉಳಿಯುತ್ತದೆ, ನಿಜ. ಹಾಗಂತ 1, 5 ಉಳಿದದ್ದೆಲ್ಲ ಅವಿಭಾಜ್ಯವಾ? ಗದಗಿನ 582101 ನೋಡಿ. ಅದಕ್ಕೂ 5 ಉಳಿಯುತ್ತದೆ. ಆದರೆ ಅದು 13 × 44777. ಈ ಟ್ರಿಕ್ಕಿಗೆ ಫೀಸು ಕಟ್ಟಿದ್ದರೆ ವಾಪಸ್ ಕೇಳಿ.

ಸರಿಯಾದ ದಾರಿ ಬೇಸರದ್ದು. 761ರ ವರ್ಗ 579121, 762ರದ್ದು 580644. ಅಂದರೆ 580001 ಒಡೆಯುವುದೇ ಆದರೆ 761ರ ಒಳಗಿನ ಯಾವುದೋ ಒಂದು ಅವಿಭಾಜ್ಯ ಅದನ್ನು ಭಾಗಿಸಲೇಬೇಕು. ಅಲ್ಲಿವರೆಗೆ ಇರುವುದು 135. ಒಂದೊಂದನ್ನೂ ಹಚ್ಚಿ ನೋಡಬೇಕು. 29ಕ್ಕೆ 1 ಉಳಿಯುತ್ತದೆ, 71ಕ್ಕೆ 2. 619ಕ್ಕೆ ಬಂದಾಗ ಇನ್ನೇನು ಸಿಕ್ಕೇಬಿಟ್ಟಿತು ಅನಿಸುತ್ತದೆ: 619 × 937 = 580003. ಎರಡೇ ಎರಡು ಜಾಸ್ತಿ! ಕಡೆಯ 761ರವರೆಗೂ ಒಂದೂ ಶೇಷವಿಲ್ಲದೆ ಹೋಗುವುದಿಲ್ಲ. ‘ಮೊದಲಿನ ಹತ್ತು ನೋಡಿದೆ, ಸಾಕಲ್ವಾ ಸರ್?’ ಅಂತ ಬರೆಯುವವರಿಗೆ: ಸಾಕಾಗಲ್ಲ.

ಈ ಸಂಖ್ಯೆಯಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಇದೆ. ಇದನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂಥ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 17ನೇ ಶತಮಾನದಲ್ಲಿ ಫರ್ಮಾ ಹೇಳಿದ, 18ನೇ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. ಧಾರವಾಡದ ಜೋಡಿ 760 ಮತ್ತು 49. ವರ್ಗ ಮಾಡಿದರೆ 577600 ಮತ್ತು 2401. ಕೂಡಿಸಿ ನೋಡಿ. ಇನ್ನು ಇದನ್ನೂ ತಿರುಗಿಸಿ ಟ್ರಿಕ್ ಮಾಡಬೇಡಿ ಮತ್ತೆ. 65 ಕೂಡ 64 + 1, ಅದೇನು ಅವಿಭಾಜ್ಯವಲ್ಲ.

ಪ್ರಶ್ನೆ: ಹುಬ್ಬಳ್ಳಿಯ 580020 ಅವಿಭಾಜ್ಯವೇ?

ಉತ್ತರ: ಸೊನ್ನೆಯಲ್ಲಿ ಮುಗಿಯುವುದರ ಬಗ್ಗೆಯೂ ಕೇಳಬೇಕಾ? ಹಾವೇರಿಯ 581110 ಕಳಿಸಿದವರಿಗೂ ಇದೇ ಉತ್ತರ.

ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಯಾವುದು?

ಉತ್ತರ: ಅಂಥದ್ದಿಲ್ಲ, ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಸಾಧಿಸಿದ್ದಾನೆ. ಗೊತ್ತಿರುವುದರಲ್ಲೇ ದೊಡ್ಡದು ಎಂಬ ದಾಖಲೆಯನ್ನು 2024ರ ಅಕ್ಟೋಬರ್‌ನಲ್ಲಿ ಮುರಿದದ್ದು 2ರ 136279841ನೇ ಘಾತದಲ್ಲಿ 1 ಕಳೆದದ್ದು. ಅದರಲ್ಲಿ 4,10,24,320 ಅಂಕಿಗಳಿವೆ. ಬರೆದು ಕಳಿಸಿ ಅನ್ನಬೇಡಿ.

ಪ್ರಶ್ನೆ: ಮೊಬೈಲ್ ನಂಬರಿನ ಅಂಕಿ ಕೂಡಿಸಿದರೆ 8 ಬರುತ್ತದೆ. ಸಂಖ್ಯಾಶಾಸ್ತ್ರದವರು ನಂಬರ್ ಬದಲಿಸಿ ಅನ್ನುತ್ತಿದ್ದಾರೆ.
– ರಾಣೆಬೆನ್ನೂರು

ಉತ್ತರ: ಅಂಕಿ ಕೂಡಿಸಿದರೆ ತಿಳಿಯುವುದು ಆ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಎಷ್ಟು ಉಳಿಯುತ್ತದೆ ಅಂತ, ಅಷ್ಟೇ. ನಿಮಗೆ 8 ಉಳಿದಿದೆ. ಸಿಮ್ ಅದೇ ಇರಲಿ.