ಎಂಟು ಉಪಗಣವೂ ಖಾಲಿ ಬರ್ತಿರೋದು ಯಾಕೆ

ಕೊಟ್ಟ ಸಂಖ್ಯೆಗಳ ಎಲ್ಲ ಉಪಗಣಗಳನ್ನು, ಅಂದರೆ ಅವುಗಳಲ್ಲಿ ಕೆಲವನ್ನು ಆರಿಸಿದ ಗುಂಪುಗಳನ್ನು (ಖಾಲಿ ಗುಂಪೂ ಸೇರಿ), ಪಟ್ಟಿ ಮಾಡುವ ನಿಮ್ಮ ಪೈಥಾನ್ ಪ್ರೋಗ್ರಾಂ ಬಗ್ಗೆ ಕೇಳಿದ್ದೀರಿ. ನಿಮ್ಮ ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಸರಿಯಾಗೇ ಇದೆ, ಅದನ್ನು ಅಳಿಸಬೇಡಿ. 1, 2, 3 ಕೊಟ್ಟರೆ ಎಂಟು ಲಿಸ್ಟ್ ಬರುತ್ತಿವೆ, ಆದರೆ ಎಂಟೂ ಖಾಲಿ ಅಂತ ಬರೆದಿದ್ದೀರಿ. ಎಣಿಕೆ ಸರಿ ಬಂದಿದೆ ಅಂದರೆ ‘ಈ ಸಂಖ್ಯೆ ಬೇಕಾ, ಬೇಡವಾ’ ಅನ್ನೋ ಎರಡು ಕವಲೂ ಸರಿಯಾಗಿ ನಡೆದಿವೆ. ಎಡವಟ್ಟಾಗಿರುವುದು ಉತ್ತರ ತೆಗೆದಿಡುವ ಸಾಲಿನಲ್ಲಿ.

ಪೈಥಾನ್‌ನಲ್ಲಿ ಒಂದು ಲಿಸ್ಟನ್ನು ಇನ್ನೊಂದಕ್ಕೆ ಅಪೆಂಡ್ ಮಾಡಿದರೆ (ಕೊನೆಯಲ್ಲಿ ಸೇರಿಸಿದರೆ) ಪ್ರತಿ ಹೋಗುವುದಿಲ್ಲ, ಅದೇ ಲಿಸ್ಟ್ ಹೋಗುತ್ತದೆ. ನೀವು ಎಂಟು ಸಲ ಸೇರಿಸಿದ್ದು ಒಂದೇ ಲಿಸ್ಟನ್ನು. ಆಮೇಲೆ ವಾಪಸ್ ಬರುತ್ತಾ ಒಂದೊಂದೇ ಪಾಪ್ ಮಾಡುತ್ತೀರಿ (ಕೊನೆಯದನ್ನು ತೆಗೆಯುತ್ತೀರಿ) ಅಲ್ವಾ, ಕೊನೆಗೆ ಅದು ಖಾಲಿಯಾಗುತ್ತದೆ, ಎಂಟು ಜಾಗದಲ್ಲೂ ಆ ಖಾಲಿಯೇ ಕಾಣುತ್ತದೆ. ಅಪೆಂಡ್ ಮಾಡುವಾಗ ಕಾಪಿ ಮಾಡಿ ಸೇರಿಸಿ, ಅಷ್ಟೇ. ಜಾವಾದ ಅರೇಲಿಸ್ಟ್‌ಗೂ ಇದೇ ಮಾತು. ಸಿ ಪ್ಲಸ್ ಪ್ಲಸ್‌ನ ವೆಕ್ಟರ್ (ಅಲ್ಲಿನ ಲಿಸ್ಟ್) ಮಾತ್ರ ತಾನೇ ಪ್ರತಿ ಮಾಡಿಕೊಳ್ಳುತ್ತದೆ, ಹಾಗಾಗಿ ಅಲ್ಲಿನ ಕೋಡ್ ನೋಡಿಕೊಂಡು ಪೈಥಾನ್‌ನಲ್ಲಿ ಬರೆಯುವವರಿಗೆ ಇದು ಜಾಸ್ತಿ ಕಾಡುತ್ತದೆ.

ಎರಡನೇ ಪ್ರಶ್ನೆ, 1, 2, 2 ಕೊಟ್ಟರೆ ಒಂದೇ ಉಪಗಣ ಎರಡೆರಡು ಸಲ ಬರುವುದು. ಎಲ್ಲವನ್ನೂ ಸೆಟ್‌ಗೆ (ಒಂದನ್ನು ಒಂದೇ ಸಲ ಇಟ್ಟುಕೊಳ್ಳುವ ಸಂಗ್ರಹಕ್ಕೆ) ಹಾಕಿ ಸೋಸಿದರೂ ಉತ್ತರ ಬರುತ್ತದೆ, ಆದರೆ ಸುಮ್ನೆ ಮಾಡಿದ್ದನ್ನೇ ಮಾಡಿ ಬಿಸಾಡಿದಂತೆ. ಮೊದಲು ಸಾರ್ಟ್ ಮಾಡಿ, ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿ. ‘ಬೇಕು’ ಕವಲಿನಲ್ಲಿ ಪಕ್ಕದ ಸಂಖ್ಯೆಗೆ ಹೋಗಿ, ‘ಬೇಡ’ ಕವಲಿನಲ್ಲಿ ಅದೇ ಬೆಲೆಯ ಸಂಖ್ಯೆಗಳನ್ನೆಲ್ಲ ದಾಟಿ ಮುಂದಿನ ಬೇರೆ ಸಂಖ್ಯೆಗೆ ಹಾರಿ. ಒಂದು 2 ಬೇಡ ಅಂದಮೇಲೆ ಮುಂದಿನ 2 ತೆಗೆದುಕೊಂಡರೆ ಅದೇ ಉಪಗಣ ಮತ್ತೆ ಹುಟ್ಟುತ್ತದೆ, ಆ ದಾರಿಯನ್ನೇ ಮುಚ್ಚುತ್ತಿದ್ದೇವೆ. ಒಟ್ಟು ಆರು ಬರಬೇಕು: 1 ಇರಬಹುದು ಇಲ್ಲದಿರಬಹುದು, 2 ಸೊನ್ನೆ, ಒಂದು ಅಥವಾ ಎರಡು ಸಲ ಇರಬಹುದು, ಎರಡು ಗುಣಿಸು ಮೂರು.

ಬಿಟ್‌ಮಾಸ್ಕ್ (ಒಂದು ಸಂಖ್ಯೆಯ ಬೈನರಿ ಅಂಕೆಗಳಿಂದಲೇ ಯಾವುದು ಬೇಕು, ಯಾವುದು ಬೇಡ ಅಂತ ಗುರುತಿಸುವುದು) ಒಳ್ಳೆಯದಾ ಅಂತಲೂ ಕೇಳಿದ್ದೀರಿ. ಸಂಖ್ಯೆಗಳು ಎಲ್ಲವೂ ಬೇರೆಬೇರೆ ಇದ್ದರೆ ಚೆನ್ನಾಗಿದೆ. ಮೂರು ಸಂಖ್ಯೆಗೆ 0ಯಿಂದ 7ರವರೆಗೆ ಲೂಪ್ ಓಡಿಸಿ. 5 ಅಂದರೆ ಬೈನರಿಯಲ್ಲಿ 101, ಅಂದರೆ ಮೊದಲನೆಯದು ಮತ್ತು ಮೂರನೆಯದು. ಆದರೆ ಇದರಲ್ಲಿ ಅರ್ಧ ದಾರಿಯಲ್ಲೇ ಕೈಬಿಡುವುದು ಕಷ್ಟ. ಎಲ್ಲ ಸಂಖ್ಯೆಗಳೂ ಧನ ಸಂಖ್ಯೆಗಳಾಗಿದ್ದು, ಮೊತ್ತ ಇಷ್ಟೇ ಇರಬೇಕು ಅಂತಿದ್ದರೆ, ರಿಕರ್ಶನ್‌ನಲ್ಲಿ ಮೊತ್ತ ದಾಟಿದ ಕೂಡಲೇ ಆ ಕೊಂಬೆಯನ್ನು ಪೂರ್ತಿ ಬಿಡಬಹುದು. ಅದಕ್ಕೇ ನಾನು ಯಾರಿಗಾದರೂ ಮೊದಲು ರಿಕರ್ಶನ್ ಕಲಿಯಿರಿ ಅಂತಲೇ ಹೇಳುತ್ತೇನೆ.

ಇನ್ನೊಂದು, ಎಲ್ಲವನ್ನೂ ಪಟ್ಟಿಯಲ್ಲಿ ಕೂಡಿಡಬೇಕಾ ನೋಡಿಕೊಳ್ಳಿ. 20 ಸಂಖ್ಯೆಗೆ 10,48,576 ಉಪಗಣ. 30ಕ್ಕೆ 107 ಕೋಟಿ ದಾಟುತ್ತದೆ, ಮೆಮೊರಿ ಮುಗಿದುಹೋಗುತ್ತದೆ. ಒಂದೊಂದು ಸಿಕ್ಕಿದಂತೆ ಕೆಲಸ ಮುಗಿಸಿ ಬಿಟ್ಟುಬಿಡಿ. ನೀವು ಹೇಳಿದ, 40 ಸಂಖ್ಯೆಗಳಲ್ಲಿ ಕೆಲವನ್ನು ಆರಿಸಿ ಬೇಕಾದ ಮೊತ್ತ ತರುವ ಲೆಕ್ಕಕ್ಕೆ ಅದೂ ಸಾಲದು. 20-20 ಆಗಿ ಒಡೆದು, ಎರಡೂ ಕಡೆಯ ಮೊತ್ತಗಳನ್ನು ಸಾರ್ಟ್ ಮಾಡಿ, ಒಂದರಲ್ಲಿ ಕೆಳಗಿನಿಂದ ಇನ್ನೊಂದರಲ್ಲಿ ಮೇಲಿನಿಂದ ಬರುತ್ತಾ ಜೋಡಿ ಹುಡುಕಿ. ಕಂಪ್ಯೂಟರ್ ವಿಜ್ಞಾನಿಗಳಾದ ಹೊರೊವಿಟ್ಜ್ ಮತ್ತು ಸಾಹ್ನಿ 1974ರಲ್ಲೇ ತೋರಿಸಿಕೊಟ್ಟ ದಾರಿ ಇದು.

ಬದಲಾಯಿಸಿದ ಮೇಲೆ ಖಾಲಿ ಇನ್‌ಪುಟ್ ಕೊಟ್ಟು ಓಡಿಸಿ ನೋಡಿ, ಒಂದು ಉಪಗಣ ಬರಬೇಕು, ಸೊನ್ನೆ ಅಲ್ಲ.