ಓದುಗರ ಪ್ರಶ್ನೆ: ಹೊಳೆಯಾಚೆ ಕೆನಡಾ

ಪ್ರಶ್ನೆ: ಅಮೆರಿಕದ ಮೇನ್ ರಾಜ್ಯದ ಫೋರ್ಟ್ ಕೆಂಟ್‌ನಲ್ಲಿ ಮನೆಮಾತು ಫ್ರೆಂಚ್ ಅಂತೆ. ಅಲ್ಲಿನ ವಿಶ್ವವಿದ್ಯಾಲಯದ ಪಾಠವೂ ಫ್ರೆಂಚಿನಲ್ಲೇ?

ಉತ್ತರ: ಇಲ್ಲ, ಪಾಠ ಇಂಗ್ಲಿಷಿನಲ್ಲಿ. ಊರ ಪಕ್ಕದ ಸೇಂಟ್ ಜಾನ್ ನದಿಯ ಎರಡೂ ದಡದಲ್ಲಿ ಅಕೇಡಿಯನ್ ಫ್ರೆಂಚರು (ಕೆನಡಾದ ಪೂರ್ವ ಕರಾವಳಿಯ ಫ್ರೆಂಚ್ ವಲಸಿಗರ ವಂಶಸ್ಥರು) 1785ರಿಂದಲೇ ನೆಲೆಸಿದ್ದರು. ಅಮೆರಿಕ ಮತ್ತು ಬ್ರಿಟನ್ನಿನ 1842ರ ಒಪ್ಪಂದ ಆ ನದಿಯನ್ನೇ ಗಡಿ ಮಾಡಿತು. ಜನ ಕದಲಲಿಲ್ಲ, ಅಣ್ಣನ ಮನೆ ಅಮೆರಿಕಕ್ಕೆ, ತಮ್ಮನದು ಈಗಿನ ಕೆನಡಾಕ್ಕೆ ಬಿತ್ತು. 1878ರಲ್ಲಿ ಮಡವಾಸ್ಕಾ ತರಬೇತಿ ಶಾಲೆಯಾಗಿ ಈ ವಿಶ್ವವಿದ್ಯಾಲಯ ಶುರುವಾದದ್ದು ಫ್ರೆಂಚ್ ಮನೆಮಾತಿನವರನ್ನು ಇಂಗ್ಲಿಷ್‌ನಲ್ಲಿ ಪಾಠ ಹೇಳುವ ಮೇಷ್ಟರಾಗಿ ತಯಾರು ಮಾಡಲು. 1919ರ ರಾಜ್ಯ ಕಾನೂನು ಇಂಗ್ಲಿಷನ್ನೇ ಬೋಧನಾ ಮಾಧ್ಯಮವೆಂದು ವಿಧಿಸಿತು. ಆಟದ ಬಯಲಲ್ಲಿ ಫ್ರೆಂಚ್ ಆಡಿದರೂ ಶಿಕ್ಷೆ. ಕಾನೂನು ಹೋದದ್ದು 1969ರಲ್ಲಿ. ಈಗ ಅದೇ ಆವರಣದಲ್ಲಿ 1990ರಲ್ಲಿ ಶುರುವಾದ ಅಕೇಡಿಯನ್ ದಾಖಲೆ ಸಂಗ್ರಹಾಲಯವಿದೆ: ಹಾಡು, ಹಳಬರ ಧ್ವನಿಮುದ್ರಣ, ಮನೆತನದ ಕಾಗದಪತ್ರ. ಒಂದು ಕೈ ಅಳಿಸಿದ್ದನ್ನು ಇನ್ನೊಂದು ಕೈ ಬರೆದಿಡುತ್ತಿದೆ ಅನ್ನಬಹುದು.

ಪ್ರಶ್ನೆ: ಪುಸ್ತಕದ ಫ್ರೆಂಚ್ ಅಲ್ಲಿ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ, ಕಿವಿ ಹೊಂದಿಕೊಳ್ಳಲು ಸಮಯ ಬೇಕು. 'ಈಗ' ಎನ್ನಲು ಪುಸ್ತಕದಲ್ಲಿ 'ಮ್ಯಾಂತ್ನಾಂ', ಈ ನದಿ ಕಣಿವೆಯಲ್ಲಿ 'ಅಸ್ತೂರ್'. ಆಲೂಗಡ್ಡೆಗೆ 'ಪೊಮ್ ದ ತೇರ್' ಅಲ್ಲ, 'ಪತಾತ್'.

ಪ್ರಶ್ನೆ: ಎಫ್-1 (ಅಮೆರಿಕದ ವಿದ್ಯಾರ್ಥಿ) ವೀಸಾದ ಭಾರತೀಯ ವಿದ್ಯಾರ್ಥಿ ಸೇತುವೆ ದಾಟಿ ಕೆನಡಾದ ಕ್ಲೇರ್‌ಗೆ ಹೋಗಿಬರಬಹುದೇ?

ಉತ್ತರ: ಹೋಗಬಹುದು, ಸಿದ್ಧತೆ ಬೇಕು. ಅಮೆರಿಕದ ವೀಸಾ ಕೆನಡಾಕ್ಕೆ ಸಾಲದು. ಅಲ್ಲಿನ ಸಂದರ್ಶಕ ವೀಸಾ ಮೊದಲೇ ಪಡೆದಿರಬೇಕು. ವಾಪಸ್ಸಿಗೆ ಪಾಸ್‌ಪೋರ್ಟ್, ಐ-94 (ಅಮೆರಿಕ ಪ್ರವೇಶದ ದಾಖಲೆ), ಮತ್ತು ಕಾಲೇಜಿನ ಅಧಿಕಾರಿ ಕಳೆದ ಒಂದು ವರ್ಷದೊಳಗೆ ಪ್ರಯಾಣದ ಸಹಿ ಹಾಕಿದ ಐ-20 (ಕಾಲೇಜು ಕೊಡುವ ವಿದ್ಯಾರ್ಥಿ ಅರ್ಹತಾ ಪತ್ರ) ಬೇಕು. ಹಲವರು ಎಡವುವುದು ಈ ಸಹಿಯಲ್ಲೇ. ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಅವಧಿ ಮುಗಿದಿದ್ದರೂ, ಕೆನಡಾಕ್ಕಷ್ಟೇ ಹೋಗಿ 30 ದಿನದೊಳಗೆ ಮರಳಿದರೆ ಸಾಮಾನ್ಯವಾಗಿ ಒಳಬಿಡುವ ನಿಯಮವಿದೆ. ಆದರೆ ಅಲ್ಲಿದ್ದಾಗ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿದಿರೋ, ಆ ಸೌಲಭ್ಯ ತಪ್ಪಿತು. ವೀಸಾ ಕೈಗೆ ಬರುವವರೆಗೆ ಆಚೆ ದಡದಲ್ಲೇ ಕೂರಬೇಕು. ಗಡಿಯಾರವನ್ನೂ ನೋಡಿ: ಕ್ಲೇರ್ ಒಂದು ಗಂಟೆ ಮುಂದಿದೆ.

ಪ್ರಶ್ನೆ: ಅಲ್ಲಿನ 'ಪ್ಲಾಯ್' ಎಂಬ ದೋಸೆ ಮಾಡಿದೆ, ಮೇಲೆ ತೂತುಗಳೇ ಬರಲಿಲ್ಲ.

ಉತ್ತರ: ಕುಟ್ಟು (ಬಕ್‌ವೀಟ್) ಹಿಟ್ಟು 1 ಕಪ್, ಮೈದಾ 1 ಕಪ್, ಬೇಕಿಂಗ್ ಪೌಡರ್ 4 ಟೀ ಚಮಚ, ಉಪ್ಪು 1 ಟೀ ಚಮಚ. ಮೊದಲು ಒಂದೂವರೆ ಕಪ್ ತಣ್ಣೀರಲ್ಲಿ ಕಲಸಿ 10 ನಿಮಿಷ ಬಿಡಿ, ಆಮೇಲೆ ಅರ್ಧ ಕಪ್ ಕುದಿಯುವ ನೀರು ಹಾಕಿ ಕೂಡಲೇ ಹುಯ್ಯಿರಿ. ತೂತು ಬರದಿದ್ದರೆ ಕಾವಲಿ ಕಾದಿಲ್ಲ, ಇಲ್ಲವೇ ಹಿಟ್ಟು ಗಟ್ಟಿ, ಅಥವಾ ಪೌಡರ್ ಹಳತು. ಎಣ್ಣೆ ಸವರಬೇಡಿ, ಮಗುಚಲೂ ಬೇಡಿ. ಮೇಲ್ಮೈ ಒಣಗಿತೆಂದರೆ ಬೆಂದಿದೆ, ಬೆಣ್ಣೆ ಸವರಿ ಸುರುಳಿ ಸುತ್ತಿ.